ಕ್ಯೂಬಿಟ್ ಎಣಿಸುವ ಮುಂಚೆ ಸೋರಿಕೆ ಹುಡುಕಿ

ದಾವಣಗೆರೆಯ ಓದುಗರೊಬ್ಬರ ಪತ್ರ ತುಸು ಖಾರವಾಗಿಯೇ ಇದೆ: 'ಬೆಂಗಳೂರಿನ ಕಂಪನಿ 25 ಕ್ಯೂಬಿಟ್‌ನ (ಲೆಕ್ಕ ಮಾಡುವ ಮೂಲ ಘಟಕ) ಕ್ವಾಂಟಮ್ ಕಂಪ್ಯೂಟರ್ ಕಟ್ಟಿತೆಂದು ಇಷ್ಟೊಂದು ಸಂಭ್ರಮವೇಕೆ? ಅಮೆರಿಕದವರು 2023ರಲ್ಲೇ ಸಾವಿರ ದಾಟಿದರು. ರಾಷ್ಟ್ರೀಯ ಕ್ವಾಂಟಮ್ ಮಿಷನ್‌ಗೆ 6003 ಕೋಟಿ ಸುರಿಯುವ ಬದಲು ಅವರಿಂದಲೇ ಒಂದು ಯಂತ್ರ ತರಬಾರದೇ?'

ತರಬಹುದು ಸ್ವಾಮಿ. ಪ್ರೋಗ್ರಾಂ ಬರೆಯುವುದನ್ನು ಕಲಿಯುವ ಹುಡುಗರಿಗೆ ಯಾರ ಯಂತ್ರವಾದರೇನು! ಆದರೆ ನೀವು ಎಣಿಸಿದ ಸಾವಿರದ ಕಥೆ ಪೂರ್ತಿ ಕೇಳಿ. ಐಬಿಎಂ 1121 ಕ್ಯೂಬಿಟ್‌ನ 'ಕಾಂಡರ್' ಚಿಪ್ ತೋರಿಸಿದ ದಿನವೇ 133 ಕ್ಯೂಬಿಟ್‌ನ 'ಹೆರಾನ್' ಅನ್ನೂ ತೋರಿಸಿತು. ಮುಂದೆ ಯಂತ್ರಗಳನ್ನು ಕಟ್ಟಿದ್ದು ಹೆರಾನ್ ಮೇಲೆ. ಅದರಲ್ಲಿ ತಪ್ಪು ಕಡಿಮೆ.

ಚಿಪ್ ಅಂಗೈಯಲ್ಲಿ ಹಿಡಿಸುತ್ತದೆ. ಉಳಿದದ್ದೆಲ್ಲ ಅದನ್ನು ತಣ್ಣಗಿಡುವ ಸಂಸಾರ. ತುಸು ಶಾಖ ತಾಕಿದರೂ ಕ್ಯೂಬಿಟ್‌ನ ಲೆಕ್ಕ ಕೆಡುತ್ತದೆ. ಹೀಲಿಯಂನಿಂದ ತಣ್ಣಗಾಗುವ ಡೈಲ್ಯೂಶನ್ ಫ್ರಿಜ್ಜಿನ ತಳ ಪರಮಶೂನ್ಯಕ್ಕಿಂತ, ಅಂದರೆ ತಾಪ ಇಳಿಯಬಹುದಾದ ಕೊನೆಯ ಮಿತಿಗಿಂತ, ಒಂದು ಕೆಲ್ವಿನ್‌ನ ನೂರನೇ ಭಾಗದಷ್ಟೇ ಮೇಲಿರುತ್ತದೆ. ಮೇಲಿನಿಂದ ಇಳಿಯುವ ಕೇಬಲ್ ಕೋಣೆಯ ಶಾಖದ ಗದ್ದಲವನ್ನೂ ಹೊತ್ತು ತರುತ್ತದೆ. ಅದಕ್ಕೆ ಫ್ರಿಜ್ಜಿನ ಅಂತಸ್ತುಗಳಲ್ಲಿ 4 ಕೆಲ್ವಿನ್ ತಟ್ಟೆ, ಅದಕ್ಕಿಂತ ಕೆಳಗಿನ ಇನ್ನೊಂದು ತಟ್ಟೆ, ತಳ, ಈ ಮೂರು ಕಡೆ ಸಂಕೇತ ತಗ್ಗಿಸುವ 20 ಡೆಸಿಬೆಲ್‌ನ (ನೂರರಲ್ಲಿ ಒಂದು ಪಾಲಷ್ಟೇ ಬಿಡುವ) ಒಂದೊಂದು ಅಟೆನ್ಯುಯೇಟರ್ ಹಾಕುವುದು ರೂಢಿ. ಒಟ್ಟು 60, ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು ಮಾತ್ರ ಕೆಳಗೆ ತಲುಪುತ್ತದೆ. ಅಟೆನ್ಯುಯೇಟರ್ ತಟ್ಟೆಗೆ ಬಿಗಿಯಾಗಿ ಕೂರದಿದ್ದರೆ ಅದೇ ಬಿಸಿಯಾಗಿ ಗದ್ದಲ ಹುಟ್ಟಿಸುತ್ತದೆ.

ಇನ್ನು ಸೀಲ್. ನಿರ್ವಾತ ಕೋಶದ ಕೀಲುಗಳಿಗೆ ಗಾಳಿ ನುಗ್ಗದಂತೆ ಇಂಡಿಯಂ ಲೋಹದ ತಂತಿ ಹಾಕುತ್ತಾರೆ. ಎರಡು ತುದಿಗಳನ್ನು ಒಂದರ ಮೇಲೊಂದು ದಾಟಿಸಿ, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದು, ಗಂಟೆ ಬಿಟ್ಟು ಮತ್ತೊಮ್ಮೆ ಬಿಗಿಯಬೇಕು. ಇಂಡಿಯಂ ಮೆತ್ತಗೆ, ಒತ್ತಡಕ್ಕೆ ಹರಡಿಕೊಂಡು ಬೋಲ್ಟು ಸಡಿಲವಾಗುತ್ತದೆ. ಹಳೆಯದನ್ನು ಪ್ಲಾಸ್ಟಿಕ್ ಚಮಚದಿಂದ ಕೆರೆಯಬೇಕು. ಉಕ್ಕಿನ ಬ್ಲೇಡ್ ತಾಗಿಸಿದಿರೋ, ಒಂದು ಗೀರು ಸಾಕು. ಒಳನುಗ್ಗಿದ ಹೀಲಿಯಂ ಪತ್ತೆಹಚ್ಚುವ ಲೀಕ್ ಡಿಟೆಕ್ಟರ್ ಜೋಡಿಸಿ, ಹೊರಗಿನಿಂದ ಹೀಲಿಯಂ ಊದುವಾಗಲೂ ಮೇಲಿನ ಕೀಲಿನಿಂದ ಶುರುಮಾಡಬೇಕು. ಹಗುರ ಅನಿಲ ಏರುತ್ತದಲ್ಲ, ಕೆಳಗಿನಿಂದ ಊದಿದರೆ ಯಾವ ಕೀಲು ಸೋರಿತೆಂದೇ ತಿಳಿಯದು. ಕೆಲವು ಸೋರಿಕೆಗಳಂತೂ ತಣ್ಣಗಾದ ಮೇಲೇ ಮುಖ ತೋರಿಸುತ್ತವೆ. ಆಗ ಮತ್ತೆ ಬಿಸಿಮಾಡಿ, ಬಿಚ್ಚಿ, ಮೊದಲಿನಿಂದ, ವಾರ ಹೋಯಿತು.

ಫ್ರಿಜ್ಜನ್ನು ತಣ್ಣಗಿಡಲು ಒಳಗೆ ಸುತ್ತುವ ಹೀಲಿಯಂ-3ರಲ್ಲಿ (ಹೀಲಿಯಂನ ಅಪರೂಪದ, ಹಗುರ ರೂಪ) ಗಾಳಿ ಬೆರೆತರೆ ಆ ಗಾಳಿ ಸಣ್ಣ ಕೊಳವೆಯಲ್ಲಿ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಈ ಹೀಲಿಯಂ-3 ಹುಟ್ಟುವುದು ಟ್ರಿಟಿಯಂ ಎಂಬ ವಿಕಿರಣಶೀಲ ಹೈಡ್ರೋಜನ್‌ನ ಕ್ಷಯದಿಂದ, ಅದರ ಅರ್ಧಾಯುಷ್ಯ 12.3 ವರ್ಷ. ಹಳೆಯ ಸಂಗ್ರಹ ಬಹುಪಾಲು ಅಮೆರಿಕ, ರಷ್ಯಾಗಳ ಅಣ್ವಸ್ತ್ರ ಕಾರ್ಯಕ್ರಮದ್ದು. ನಮ್ಮ ಕೈಗಾದಂಥ ಭಾರಜಲ ರಿಯಾಕ್ಟರುಗಳಲ್ಲೂ ಟ್ರಿಟಿಯಂ ಹುಟ್ಟುತ್ತದೆ. ಕೆನಡಾದವರು ಡಾರ್ಲಿಂಗ್ಟನ್‌ನಲ್ಲಿ ಭಾರಜಲದಿಂದ ಅದನ್ನು ಬೇರ್ಪಡಿಸುತ್ತಾರೆ. ಯಂತ್ರ ಕೊಂಡು ತಂದರೂ ಈ ಪರಾಧೀನತೆ ತಪ್ಪದು, ಸ್ವಾಮಿ.

ನಿಮ್ಮ ಸಿಟ್ಟು ಸರಿಯೇ, ಗುರಿ ತಪ್ಪಿದೆ ಅಷ್ಟೆ. ನೆದರ್ಲೆಂಡ್ಸ್‌ನ ಲೈಡನ್‌ನ ಭೌತವಿಜ್ಞಾನಿ ಕಾಮರ್ಲಿಂಗ್ ಓನ್ನೆಸ್ ಹೀಲಿಯಂ ದ್ರವ ಮಾಡಿದ್ದು 1908ರಲ್ಲಿ. ಉಪಕರಣ ಮಾಡುವ ಹುಡುಗರಿಗೆಂದು ತರಬೇತಿ ಶಾಲೆ ಕಟ್ಟಿದ್ದು ಅದಕ್ಕೂ ಮೊದಲು, 1901ರಲ್ಲಿ. ನಮ್ಮಲ್ಲಿ ಮೊದಲು ಶಂಕುಸ್ಥಾಪನೆ, ಆಮೇಲೆ ಸಂಶೋಧನಾ ಹಬ್, ಆಮೇಲೆ ಲಾಂಛನ. ಗಾಜು ಊದುವವನು, ಲೇತ್ ಹಿಡಿಯುವವನು ನಿವೃತ್ತನಾದರೆ ಆ ಹುದ್ದೆಗೆ ಬೀಗ. ವ್ಯಾಕ್ಯೂಮ್ ಪಂಪನ್ನೂ ಕುರ್ಚಿ ಮೇಜಿನ ಹಾಗೆ ಅತಿ ಕಡಿಮೆ ದರದ ಟೆಂಡರಿನಲ್ಲೇ ತರುತ್ತೇವೆ.

ಮುಂದಿನ ಪತ್ರದಲ್ಲಿ, ನಿಮ್ಮೂರಿನ ಪಾಲಿಟೆಕ್ನಿಕ್‌ಗೆ ಒಂದು ಲೀಕ್ ಡಿಟೆಕ್ಟರ್ ಏಕಿಲ್ಲ ಎಂದು ಬೈದು ಬರೆಯಿರಿ. ಈ ಪುಟದಲ್ಲೇ ಜಾಗ ಇಟ್ಟಿರುತ್ತೇವೆ.