ಹಾಲುಕ್ಕಿದ್ದಕ್ಕೆ ನಗಿ, ಗೇಟಿನ ಕತೆ ಬೇಡ

ಪ್ರಶ್ನೆ: ನನಗೆ 36 ವರ್ಷ. ಮನೆ ದಾವಣಗೆರೆಯಲ್ಲಿ, ಕೆಲಸ ಚಿತ್ರದುರ್ಗದಲ್ಲಿ. ದಿನಾ ಬಸ್ಸಿನ ಓಡಾಟ. ಚಿಕ್ಕಂದಿನಿಂದಲೂ ಮರೆವು, ಅರ್ಧಕ್ಕೇ ಬಿಟ್ಟ ಕೆಲಸಗಳು, ಎಲ್ಲಿಗೆ ಹೋದರೂ ತಡ. ಹೋದ ವರ್ಷ ಮನೋವೈದ್ಯರು ಇದು ಎಡಿಎಚ್‌ಡಿ, ಅಂದರೆ ಗಮನವನ್ನು ಹಿಡಿತದಲ್ಲಿ ಇಟ್ಟುಕೊಳ್ಳಲು ಕಷ್ಟವಾಗುವ ತೊಂದರೆ, ಎಂದರು. ನಾನು ಎಲ್ಲವನ್ನೂ ತಮಾಷೆ ಮಾಡಿಯೇ ನಿಭಾಯಿಸಿದವಳು. ಹಾಲು ಉಕ್ಕಿದರೆ ‘ನಮ್ಮನೇಲಿ ದಿನಾ ಗೃಹಪ್ರವೇಶ’ ಅನ್ನುತ್ತೇನೆ. ದುರ್ಗದ ಬಸ್ಸೆಂದು ಹರಿಹರದ ಬಸ್ಸು ಹತ್ತಿದಾಗ ‘ಹರಿಹರೇಶ್ವರನೇ ಕರೆಸಿಕೊಂಡ’ ಅಂದೆ. ಆದರೆ ಒಂದು ಶನಿವಾರ ಕಪಾಟು ಜೋಡಿಸುತ್ತಾ ಕೂತು, ಮಗಳನ್ನು ಶಾಲೆಯಿಂದ ಕರೆದುಕೊಂಡು ಬರುವುದನ್ನೇ ಮರೆತೆ. ನಾಲ್ಕನೇ ಕ್ಲಾಸಿನ ಹುಡುಗಿ ಒಂದು ಗಂಟೆ ಗೇಟಿನ ಹತ್ತಿರ ನಿಂತಿದ್ದಳು. ಮೊನ್ನೆ ಒಂದು ನಾಮಕರಣದಲ್ಲಿ ಯಜಮಾನರು ಅದನ್ನೇ ಕತೆ ಮಾಡಿ ಹೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮಗಳು ನಗಲಿಲ್ಲ. ‘ಸೋಮಾರಿತನಕ್ಕೆ ಈಗ ಇಂಗ್ಲಿಷ್ ಹೆಸರು ಬಂದಿದೆ’ ಎಂದರು ಅತ್ತೆ. ನನಗೆ ಕಷ್ಟ ಆಗುತ್ತೆ ಅಂದರೆ ‘ನೀನೇ ನಗ್ತೀಯಲ್ಲ’ ಅಂತಾರೆ ಯಜಮಾನರು. ನಾನು ನಗೋದು ಬಿಡಬೇಕಾ?

ಉತ್ತರ: ಬಿಡಬೇಡಿ. ಗೃಹಪ್ರವೇಶದ ಮಾತು ಓದಿ ನಾನು ಜೋರಾಗಿ ನಕ್ಕೆ. ಉಕ್ಕಿದ ಹಾಲು ಒರೆಸುವಾಗ ಎಷ್ಟು ಜನ ತಮ್ಮನ್ನು ತಾವೇ ಬೈದುಕೊಳ್ಳುತ್ತಾರೆ! ನಿಮಗೆ ಆ ಹೊತ್ತಿಗೆ ನಗು ಬಂತು. ಹೆಸರೇ ಗೊತ್ತಿಲ್ಲದ ತೊಂದರೆಯ ಜೊತೆ ಅಷ್ಟು ವರ್ಷ ಬದುಕಿದ್ದೀರಿ. ಆ ನಗು ನಿಮ್ಮನ್ನು ಕಾಪಾಡಿದೆ.

ಆದರೆ ನಿಮ್ಮ ಪತ್ರದಲ್ಲಿ ಎರಡೇ ಪದದ ಒಂದು ವಾಕ್ಯ ಇದೆ. ‘ಮಗಳು ನಗಲಿಲ್ಲ.’ ಅದನ್ನು ದಾಟಿ ಮುಂದೆ ಓದಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹಾಲು ಉಕ್ಕಿದರೆ ನಷ್ಟ ನಿಮ್ಮದು, ಒಲೆ ಒರೆಸುವವರೂ ನೀವೇ. ಹರಿಹರಕ್ಕೆ ಹೋದರೂ ಅಷ್ಟೆ. ಗೇಟಿನ ಹತ್ತಿರದ ಆ ಒಂದು ಗಂಟೆ ಅವಳದು. ಅದರ ಮೇಲೆ ಮೊದಲ ತಮಾಷೆ ಮಾಡುವ ಹಕ್ಕೂ ಅವಳದೇ. ಅವಳಾಗಿ ಮಾಡುವವರೆಗೆ ಮನೆಯಲ್ಲಿ ಯಾರೂ ಆ ಕತೆ ಎತ್ತಬಾರದು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ‘ಅವತ್ತು ಭಯ ಆಯ್ತಾ ಪುಟ್ಟಿ? ತಪ್ಪು ನನ್ನದು’ ಅನ್ನಿ. ಆಮೇಲೆ ಸುಮ್ನಿರಿ. ನಾಲಿಗೆ ತುದಿಗೆ ಒಂದು ಜೋಕು ಬಂದೇ ಬರುತ್ತೆ. ಅವತ್ತೊಂದು ದಿನ ನುಂಗಿಕೊಳ್ಳಿ.

ಯಜಮಾನರು ಕೆಟ್ಟವರೆಂದು ನನಗೆ ಅನಿಸುವುದಿಲ್ಲ. ನೀವು ನಗುವುದನ್ನು ನೋಡಿ ನೋಡಿ, ನಿಮಗೆ ನೋವಾಗುವುದಿಲ್ಲ ಎಂದೇ ನಂಬಿದ್ದಾರೆ. ಜನರ ಎದುರು ಹೇಳಬೇಡಿ. ಊಟ ಆದ ಮೇಲೆ ಇಬ್ಬರೇ ಇದ್ದಾಗ, ‘ರೀ, ಹಾಲಿನ ಕತೆ ಊರಿಗೆಲ್ಲಾ ಹೇಳಿ. ಗೇಟಿನ ಕತೆ ಇನ್ನು ಮೇಲೆ ಬೇಡ. ಅವತ್ತು ನಾನು ನಕ್ಕಿದ್ದು ಅಳು ತಡೆಯೋಕೆ’ ಅಂದುಬಿಡಿ. ಇಷ್ಟು ನೇರವಾಗಿ ನೀವು ಅವರಿಗೆ ಯಾವತ್ತೂ ಹೇಳಿರಲಿಕ್ಕಿಲ್ಲ, ಅಲ್ವಾ?

ಅತ್ತೆಯವರ ಮಾತಿಗೆ ಬರುತ್ತೇನೆ. ಸೋಮಾರಿಯಾದವರು ಗಂಟೆಗಟ್ಟಲೆ ಕಪಾಟು ಜೋಡಿಸುತ್ತಾ ಕೂರುವುದಿಲ್ಲ. ಎಡಿಎಚ್‌ಡಿ ಇರುವವರಿಗೆ ಗಮನ ಇರುತ್ತದೆ. ಅದನ್ನು ಬೇಕಾದ ಹೊತ್ತಿಗೆ ಬೇಕಾದ ಕಡೆ ತಿರುಗಿಸುವುದು ಕಷ್ಟ. ಒಂದರಲ್ಲಿ ಮುಳುಗಿದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಇದು ಮಿದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಲಕ್ಷಣಗಳು 12 ವರ್ಷದೊಳಗೇ ಶುರುವಾಗಿರುತ್ತವೆ. ಒಂದೇ ಮನೆತನದಲ್ಲಿ ಹಲವರಿಗೆ ಇರುವುದೂ ಉಂಟು. ಕ್ಲಾಸಿನಲ್ಲಿ ಗಲಾಟೆ ಮಾಡುವ ಹುಡುಗ ಟೀಚರ ಕಣ್ಣಿಗೆ ಬೀಳುತ್ತಾನೆ. ಕಿಟಕಿ ನೋಡುತ್ತಾ ಕೂತ ಹುಡುಗಿ ಬೀಳುವುದಿಲ್ಲ. ಹಾಗಾಗಿಯೇ ನಿಮ್ಮಂಥ ಎಷ್ಟೋ ಹೆಣ್ಣುಮಕ್ಕಳಿಗೆ ಇದು ಗೊತ್ತಾಗುವಷ್ಟರಲ್ಲಿ ಅವರೇ ತಾಯಂದಿರಾಗಿರುತ್ತಾರೆ. ಇದನ್ನು ನೀವು ಹೇಳಿದರೆ ಅತ್ತೆಗೆ ನೆಪದಂತೆ ಕೇಳಿಸಬಹುದು. ಮುಂದಿನ ಸಲ ವೈದ್ಯರ ಹತ್ತಿರ ಹೋಗುವಾಗ ಯಜಮಾನರನ್ನೂ ಕರೆದುಕೊಂಡು ಹೋಗಿ. ಆಮೇಲೆ ಅವರೇ ತಾಯಿಗೆ ಹೇಳಲಿ.

ಅಂದ ಹಾಗೆ, ವೈದ್ಯರು ಹೆಸರು ಹೇಳಿದ ಮೇಲೆ ಏನಾಯಿತು ಎಂದು ನೀವು ಬರೆದೇ ಇಲ್ಲ. ಮತ್ತೆ ಹೋಗಿದ್ದೀರಾ? ದೊಡ್ಡವರಿಗೂ ಇದಕ್ಕೆ ಮಾತ್ರೆಗಳಿವೆ, ಆಪ್ತ ಸಮಾಲೋಚನೆ ಇದೆ. ಮಾತ್ರೆ ಬೇಕೋ ಬೇಡವೋ ಎಂಬುದು ಅವರು ನಿಮ್ಮನ್ನು ನೋಡಿ ನಿರ್ಧರಿಸುವ ವಿಷಯ. ನಗು ಆ ಕೆಲಸ ಮಾಡುವುದಿಲ್ಲ. ಮನಸ್ಸು ತೀರಾ ಭಾರವಾದ ರಾತ್ರಿ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ದುಡ್ಡಿಲ್ಲ, ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು. ನನಗೆ ಇದೇ ಜಾಸ್ತಿ ಮುಖ್ಯ ಅನ್ನಿಸುತ್ತದೆ. ನೀವು ಇಲ್ಲಿಯವರೆಗೆ ಎಡವಿದ ಮೇಲೆ ನಕ್ಕಿದ್ದೀರಿ. ಎಡವುವ ಮುಂಚೆಯೇ ಆ ತಮಾಷೆಯನ್ನು ಕೆಲಸಕ್ಕೆ ಹಚ್ಚಿ. ಬೇಸರದ ವಿಷಯ ನಿಮ್ಮ ತಲೆಯಲ್ಲಿ ನಿಲ್ಲುವುದಿಲ್ಲ. ಹೊಸತು, ವಿಚಿತ್ರ, ನಗು ತರಿಸುವಂಥದ್ದು ನಿಲ್ಲುತ್ತದೆ. ಒಲೆ ಮೇಲೆ ಹಾಲಿಡುವ ಮುಂಚೆ ಮೊಬೈಲಿನಲ್ಲಿ ನಾಲ್ಕು ನಿಮಿಷದ ಅಲಾರಾಂ ಇಡಿ, ಅದಕ್ಕೆ ‘ಗೃಹಪ್ರವೇಶ ಮುಂದೂಡಲಾಗಿದೆ’ ಎಂದು ಹೆಸರು ಕೊಡಿ. ಬಾಗಿಲ ಹಿಂದೆ, ಕಣ್ಣಿನ ಮಟ್ಟಕ್ಕೆ, ‘ಹರಿಹರೇಶ್ವರ ಇವತ್ತು ಕರೆದಿಲ್ಲ. ಬೋರ್ಡ್ ಓದಿ ಹತ್ತು’ ಎಂದು ಅಂಟಿಸಿ. ಸ್ವಲ್ಪ ದಿನಕ್ಕೆ ಕಣ್ಣಿಗೆ ರೂಢಿಯಾಗಿ ಚೀಟಿ ಕಾಣಿಸುವುದೇ ನಿಂತುಹೋಗುತ್ತದೆ. ಆಗ ಮಾತು ಬದಲಿಸಿ, ಕಾಗದದ ಬಣ್ಣವನ್ನೂ ಬದಲಿಸಿ. ಹೊಸ ಮಾತಿಗೆ ನಿಮ್ಮಲ್ಲಿ ಬರ ಇಲ್ಲ.

ಮಗಳನ್ನು ಕರೆದುಕೊಂಡು ಬರಲು ಇಡುವ ಶನಿವಾರದ ಅಲಾರಾಂಗೆ ಮಾತ್ರ ನೀವು ಹೆಸರಿಡಬೇಡಿ. ಈ ವಾರ ಅರ್ಧ ಗಂಟೆ ಮುಂಚೆಯೇ ಹೋಗಿ ಶಾಲೆಯ ಗೇಟಿನ ಹತ್ತಿರ ನಿಂತುಕೊಳ್ಳಿ. ಅವಳು ಹೊರಗೆ ಬಂದಾಗ ಕಣ್ಣಿಗೆ ಮೊದಲು ನೀವೇ ಬೀಳಬೇಕು. ಅಲ್ಲಿಂದ ಬೆಣ್ಣೆದೋಸೆ ತಿನ್ನಲು ಇಬ್ಬರೇ ಹೋಗಿ. ದೋಸೆ ಬರುವಷ್ಟರಲ್ಲಿ ಮೊಬೈಲನ್ನು ಅವಳ ಕೈಗೆ ಕೊಟ್ಟು, ಆ ಅಲಾರಾಂಗೆ ಏನು ಹೆಸರಿಡಬೇಕು ಎಂದು ಕೇಳಿ. ಅವಳು ಇಟ್ಟ ಹೆಸರು ಏನೇ ಇರಲಿ, ಅದೇ ಇರಲಿ.