ಆಟ ಶುರುವಾದ 20 ನಿಮಿಷಕ್ಕೆ ಕಾದುಹೋಗುವ ಕಂಪ್ಯೂಟರಿಗೆ ಲಿಕ್ವಿಡ್ ಕೂಲರ್ ಬೇಕೇ?

ನಿಮ್ಮ ಕಂಪ್ಯೂಟರಿನಲ್ಲಿ ರೈಜೆನ್ 5 3600 ಪ್ರೊಸೆಸರ್, ಅದರೊಂದಿಗೇ ಬಂದ ಕೂಲರ್ ಮತ್ತು ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಇವೆ ಎಂದೂ, ಕಲಬುರಗಿಯ ಈ ಬೇಸಿಗೆಯಲ್ಲಿ ಆಟ ಶುರುವಾದ ಇಪ್ಪತ್ತು ನಿಮಿಷಕ್ಕೆ ಪ್ರೊಸೆಸರ್ 95 ಡಿಗ್ರಿ ಮುಟ್ಟಿ ಆಟ ತಡವರಿಸುತ್ತದೆ ಎಂದೂ, ಅಂಗಡಿಯವರು ಲಿಕ್ವಿಡ್ ಕೂಲರ್ (ದ್ರವ ಹರಿಸಿ ಪ್ರೊಸೆಸರನ್ನು ತಂಪಾಗಿಸುವ ಸಾಧನ) ಹಾಕಿಸಲು ಹೇಳಿದ್ದಾರೆ ಎಂದೂ ಬರೆದಿದ್ದೀರಿ. ಸದ್ಯಕ್ಕೆ ಅದನ್ನು ಕೊಳ್ಳಬೇಡಿ ಎಂಬುದು ನನ್ನ ಸಲಹೆ.

ಈ ಪ್ರೊಸೆಸರಿಗೆ ಅದರ ತಯಾರಕ ಕಂಪನಿ ಎಎಂಡಿ ನಿಗದಿಪಡಿಸಿರುವ ಗರಿಷ್ಠ ಉಷ್ಣಾಂಶವೇ 95 ಡಿಗ್ರಿ. ಅಲ್ಲಿಗೆ ತಲುಪಿದೊಡನೆ ಅದು ತನ್ನನ್ನು ಕಾಪಾಡಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ನೀವು ಕಾಣುತ್ತಿರುವ ತಡವರಿಕೆ ಅದೇ. ಆದರೆ ಅಲ್ಲಿಗೆ ತಲುಪಲು ಎಷ್ಟು ಹೊತ್ತು ಹಿಡಿಯಿತು ಎಂಬುದನ್ನು ನಾನು ಹೆಚ್ಚು ಗಮನಿಸುತ್ತೇನೆ. ಕೂಲರ್ ಸರಿಯಾಗಿ ಕುಳಿತಿರದಿದ್ದರೆ ಅಥವಾ ನಡುವಿನ ಥರ್ಮಲ್ ಪೇಸ್ಟ್ (ಶಾಖ ದಾಟಿಸುವ ಲೇಪ) ಒಣಗಿದ್ದರೆ, ಭಾರ ಬಿದ್ದ ಕೆಲವೇ ಸೆಕೆಂಡುಗಳಲ್ಲಿ ಉಷ್ಣಾಂಶ ಜಿಗಿಯುತ್ತದೆ, ಏಕೆಂದರೆ ಶಾಖವು ಚಿಪ್ಪಿನಿಂದ ಕೂಲರಿಗೆ ಸರಿಯಾಗಿ ದಾಟುವುದಿಲ್ಲ. ನಿಮ್ಮದರಂತೆ ಇಪ್ಪತ್ತು ನಿಮಿಷ ನಿಧಾನವಾಗಿ ಏರಿದರೆ, ಶಾಖವು ಕೂಲರಿಗೆ ದಾಟಿದೆ, ಕ್ಯಾಬಿನೆಟ್ಟಿನಿಂದ ಹೊರಗೆ ಹೋಗುತ್ತಿಲ್ಲ ಎಂದು ಮೊದಲು ಅನುಮಾನಿಸಬೇಕು. ಆಟದ ಹೊತ್ತಿಗೆ ಗ್ರಾಫಿಕ್ಸ್ ಕಾರ್ಡ್ ಒಂದೇ ಸುಮಾರು 170 ವಾಟ್ ಶಾಖವನ್ನು ಒಳಗೆ ಸುರಿಯುತ್ತದೆ, ಪ್ರೊಸೆಸರಿನ ಫ್ಯಾನ್ ಆ ಬಿಸಿಗಾಳಿಯನ್ನೇ ಎಳೆದು ತನ್ನ ಕೂಲರಿಗೆ ಊದುತ್ತದೆ.

ಇದನ್ನು ಖಚಿತಪಡಿಸಿಕೊಳ್ಳಲು ದುಡ್ಡು ಬೇಡ. ಎಚ್‌ಡಬ್ಲ್ಯುಇನ್ಫೋ ಎಂಬ, ಉಷ್ಣಾಂಶ ತೋರಿಸುವ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಒಂದೇ ಆಟವನ್ನು ಅರ್ಧ ಗಂಟೆ ಕ್ಯಾಬಿನೆಟ್ ಮುಚ್ಚಿ, ಇನ್ನರ್ಧ ಗಂಟೆ ಪಕ್ಕದ ಫಲಕ ತೆಗೆದು ಆಡಿ ನೋಡಿ. ಫಲಕ ತೆಗೆದಾಗ ಎಂಟು ಹತ್ತು ಡಿಗ್ರಿ ಇಳಿದರೆ ದೋಷ ಗಾಳಿಯ ಹಾದಿಯಲ್ಲಿದೆ.

ಆಗ ಮೊದಲು ನೋಡಬೇಕಾದದ್ದು ಕಂಪ್ಯೂಟರ್ ಟೇಬಲ್ಲಿನ ಗೂಡು. ಹಿಂಬದಿ ಮುಚ್ಚಿದ, ಗೋಡೆಗೆ ಒತ್ತಿ ನಿಂತ ಗೂಡಿನೊಳಗೆ ಕ್ಯಾಬಿನೆಟ್ಟನ್ನು ತುರುಕಿದರೆ ಅದು ತಾನು ಉಗುಳಿದ ಬಿಸಿಗಾಳಿಯನ್ನೇ ಮತ್ತೆ ಕುಡಿಯುತ್ತದೆ. ಆಮೇಲೆ ಮುಂಬದಿಯ ಜಾಲರಿಯ ಧೂಳು. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಗಳನ್ನು ಬೆರಳಿನಿಂದ ತಡೆದುಕೊಳ್ಳಿ, ಬಿಟ್ಟರೆ ಅವು ಮಿತಿಮೀರಿ ಸುತ್ತಿ ಬೇರಿಂಗ್ ಕೆಡುತ್ತದೆ. ಮೂರನೆಯದು ಫ್ಯಾನುಗಳ ದಿಕ್ಕು, ಇದರಲ್ಲಿ ನಾನೇ ಮೋಸ ಹೋಗಿದ್ದೇನೆ. ಎರಡು ಬಾರಿ ದುಬಾರಿ ಪೇಸ್ಟ್ ತಂದು ಬಳಿದ ಮೇಲೆ, ಒಂದು ಸಂಜೆ ದೇವರ ಮನೆಯಿಂದ ಊದುಬತ್ತಿ ತಂದು ಮುಂಬದಿಯ ಫ್ಯಾನಿನ ಹತ್ತಿರ ಹಿಡಿದೆ. ಹೊಗೆ ಒಳಗೆ ಹೋಗುವ ಬದಲು ನನ್ನ ಮುಖಕ್ಕೇ ಬಂತು. ಜೋಡಿಸಿಕೊಟ್ಟವರು ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿದ್ದರು. ಸಾಮಾನ್ಯವಾಗಿ ಮೋಟಾರನ್ನು ಹಿಡಿದಿರುವ ಅಡ್ಡಪಟ್ಟಿಗಳು ಇರುವ ಕಡೆಯಿಂದ ಗಾಳಿ ಹೊರಬರುತ್ತದೆ ಎಂಬುದು ಆಗ ತಿಳಿಯಿತು.

ಫಲಕ ತೆಗೆದರೂ ಉಷ್ಣಾಂಶ ಇಳಿಯದಿದ್ದರೆ ಮಾತ್ರ ಕೂಲರನ್ನು ಬಿಚ್ಚಿ. ಬಿಚ್ಚುವ ಮುನ್ನ ಕಂಪ್ಯೂಟರನ್ನು ಸ್ವಲ್ಪ ಹೊತ್ತು ಓಡಿಸಿ ಪೇಸ್ಟ್ ಬೆಚ್ಚಗಾಗಲು ಬಿಡಿ, ನಂತರ ವಿದ್ಯುತ್ ತೆಗೆದು ಕೂಲರನ್ನು ಮೆಲ್ಲಗೆ ಹೊರಳಿಸಿ ಎತ್ತಿ. ಈ ಮಾದರಿಯಲ್ಲಿ ಪಿನ್ನುಗಳು ಪ್ರೊಸೆಸರಿನಲ್ಲೇ ಇರುವುದರಿಂದ, ಒಣಗಿದ ಪೇಸ್ಟಿಗೆ ಅಂಟಿಕೊಂಡ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತುಬಂದು ಪಿನ್ನು ಬಾಗುವ ಅಪಾಯವಿದೆ. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ತಿರುಪುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಲಿಕ್ವಿಡ್ ಕೂಲರಿನ ವಿಷಯಕ್ಕೆ ಬಂದರೆ, ಅದು ಕೂಡ ಶಾಖವನ್ನು ಕೊನೆಗೆ ಬಿಡುವುದು ನಿಮ್ಮ ಕೋಣೆಯ ಗಾಳಿಗೇ. ಕೋಣೆಯೇ 38 ಡಿಗ್ರಿ ಇರುವಾಗ, 26 ಡಿಗ್ರಿಯ ಕೋಣೆಯಲ್ಲಿ ಓಡುವ ಅದೇ ಕಂಪ್ಯೂಟರಿಗಿಂತ ನಿಮ್ಮದು ಹೆಚ್ಚುಕಡಿಮೆ ಅಷ್ಟೇ ಅಂತರದಲ್ಲಿ ಬಿಸಿಯಾಗಿರುತ್ತದೆ. ಹೀಗಾಗಿ ಮಧ್ಯಾಹ್ನದ ಹೊತ್ತು, ನಿಮ್ಮ ಮಾನಿಟರ್ ಸೆಕೆಂಡಿಗೆ 60 ಚಿತ್ರ (ಫ್ರೇಮ್) ತೋರಿಸುವ 60 ಹರ್ಟ್ಜ್‌ನದಾಗಿದ್ದರೆ, ಆಟದ ಸೆಟ್ಟಿಂಗ್ಸ್‌ನಲ್ಲಿ ಫ್ರೇಮುಗಳನ್ನು 60ಕ್ಕೆ ಮಿತಿಗೊಳಿಸಿ ನೋಡಿ. ತೆರೆಗೆ ತೋರಿಸಲಾಗದ ಫ್ರೇಮುಗಳಿಗಾಗಿ ಕಾರ್ಡ್ ಬೇಯುವುದು ಅಷ್ಟರಿಂದಲೇ ನಿಲ್ಲುತ್ತದೆ.