ಎಲ್ಲ ದೇಶಗಳೂ ಕೂತು ಯೋಜನೆ ಹಾಕೋದು ಯಾಕೆ?

ಪ್ರಶ್ನೆ: ಪ್ರತಿ ವರ್ಷ ಹವಾಮಾನ ಸಮ್ಮೇಳನ, ಪ್ರತಿ ವರ್ಷ ಹೊಸ ಗುರಿ. ಆಯಾ ದೇಶ ತನ್ನ ಪಾಡಿಗೆ ಸೋಲಾರ್ ಹಾಕಿಕೊಂಡರೆ ಸಾಲದೇ?
– ಓದುಗರು, ತಿಪಟೂರು

ಉತ್ತರ: ಸಾಲದು. ಹೊಸ ತಂತ್ರಜ್ಞಾನ ಶುರುವಿನಲ್ಲಿ ದುಬಾರಿ, ಹೆಚ್ಚು ತಯಾರಾದಷ್ಟೂ ಅಗ್ಗ. ಆ ದುಬಾರಿ ದಿನಗಳಲ್ಲಿ ಯಾರಾದರೂ ಕೊಳ್ಳಬೇಕು ಅಲ್ವಾ? ಸೋಲಾರ್ ವಿಷಯದಲ್ಲಿ ಜರ್ಮನಿ ಆ ಭಾರ ಹೊತ್ತಿತು. 2000ದಲ್ಲಿ ಕಾನೂನು ತಂದು, ಮನೆ ಮಾಡಿನ ಮೇಲೆ ಮಾಡಿದ ಕರೆಂಟಿಗೂ 20 ವರ್ಷ ನಿಗದಿತ ದರ ಕೊಟ್ಟಿತು, ಅದರ ಹಣವನ್ನು ಅಲ್ಲಿನ ಜನ ಬಹಳ ವರ್ಷ ತಮ್ಮ ಕರೆಂಟ್ ಬಿಲ್ಲಿನಲ್ಲೇ ಕಟ್ಟಿದರು. ಬೇಡಿಕೆ ಕಂಡು ಚೀನಾ ದೊಡ್ಡ ಕಾರ್ಖಾನೆಗಳನ್ನು ಕಟ್ಟಿತು. 2010ರಿಂದ 2020ರೊಳಗೆ ದೊಡ್ಡ ಸೋಲಾರ್ ಘಟಕಗಳ ವಿದ್ಯುತ್ ವೆಚ್ಚ ಸುಮಾರು ಶೇ 85ರಷ್ಟು ಇಳಿಯಿತು. ನಿಮ್ಮದೇ ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆ ಪಡೆದ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಪಾರ್ಕ್ ಎದ್ದಿದ್ದರ ಹಿಂದೆ ಆ ಬಿಲ್ಲುಗಳ ಪಾಲೂ ಇದೆ.

ಈಗಿನ ಕಷ್ಟ ಬೇರೆ. ಸಿಮೆಂಟಿಗೆ ಸುಣ್ಣಕಲ್ಲು ಸುಟ್ಟರೆ ಕಲ್ಲಿನಿಂದಲೇ ಇಂಗಾಲದ ಡೈಆಕ್ಸೈಡ್ ಬರುತ್ತದೆ, ಬೆಂಕಿ ಯಾವುದರದ್ದಾದರೂ ಸರಿ. ಕಬ್ಬಿಣದ ಅದಿರಿನಿಂದ ಆಮ್ಲಜನಕ ಕೀಳೋಕೆ ಹೆಚ್ಚಾಗಿ ಕಲ್ಲಿದ್ದಲನ್ನೇ ಬಳಸುತ್ತಾರೆ. ಕಲ್ಲಿದ್ದಲಿನ ಬದಲು ಹೈಡ್ರೋಜನ್ ಬಳಸಬಹುದು ಅಂತ ಸ್ವೀಡನ್ನಿನ ಲುಲಿಯೋದಲ್ಲಿ ಮಾಡಿ ತೋರಿಸಿದ್ದಾರೆ, ಆದರೆ ಆ ಉಕ್ಕು ದುಬಾರಿ. ಒಂದೇ ದೇಶ ಅದನ್ನು ಮಾಡಿದರೆ ಪಕ್ಕದ ದೇಶದ ಅಗ್ಗದ ಉಕ್ಕು ಮಾರುಕಟ್ಟೆ ಹೊಡೆದುಕೊಂಡು ಹೋಗುತ್ತದೆ. ಒಟ್ಟಿಗೆ ಕೂರಬೇಕಾದದ್ದು ಇದಕ್ಕೇ. 2050ಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಕಡಿತದಲ್ಲಿ ಹೆಚ್ಚುಕಡಿಮೆ ಅರ್ಧ ಇನ್ನೂ ಪ್ರಯೋಗದ ಹಂತದಲ್ಲಿರುವ ತಂತ್ರಜ್ಞಾನದಿಂದ ಬರಬೇಕು ಅಂತ ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2021ರಲ್ಲೇ ಹೇಳಿತ್ತು. ಅದಕ್ಕೂ ಮೊದಲು, 2015ರ ಪ್ಯಾರಿಸ್ ಸಮ್ಮೇಳನದಲ್ಲಿ ಭಾರತವೂ ಸೇರಿ 20 ದೇಶಗಳು ಶುದ್ಧ ಇಂಧನದ ಸಂಶೋಧನೆಗೆ ಕೊಡುವ ಹಣವನ್ನು ಐದು ವರ್ಷದಲ್ಲಿ ದುಪ್ಪಟ್ಟು ಮಾಡುತ್ತೇವೆ ಎಂದಿದ್ದವು. ನನಗೆ ಬರೀ ಮೆಗಾವಾಟ್ ಗುರಿಗಿಂತ ಇಂಥ ಒಪ್ಪಂದದ ಮೇಲೇ ನಂಬಿಕೆ ಜಾಸ್ತಿ.

2023ರಲ್ಲಿ ದುಬೈಯಲ್ಲಿ, 2030ರೊಳಗೆ ಜಗತ್ತಿನ ನವೀಕರಿಸಬಹುದಾದ ವಿದ್ಯುತ್ ಸಾಮರ್ಥ್ಯವನ್ನು ಮೂರು ಪಟ್ಟು ಮಾಡುವ ಮಾತಾಯಿತು. ಗುರಿ ಒಳ್ಳೆಯದೇ. ಆದರೆ ಸೋಲಾರಿಗೆ ಬಂಡವಾಳವೆಲ್ಲ ಮೊದಲೇ ಹಾಕಬೇಕು, ಆಮೇಲೆ ಇಂಧನದ ಖರ್ಚಿಲ್ಲ. ಹಾಗಾಗಿ ಯುರೋಪಿಗಿಂತ ಆಫ್ರಿಕಾದಲ್ಲಿ ಬಿಸಿಲು ಎಷ್ಟು ಜಾಸ್ತಿ ಇದ್ದರೂ ಅಲ್ಲಿನ ಸಾಲದ ಬಡ್ಡಿ ಆ ಲಾಭವನ್ನು ತಿಂದುಹಾಕುತ್ತದೆ. ಗುರುಗ್ರಾಮದಲ್ಲಿ ಕಚೇರಿ ಇರುವ ಅಂತರರಾಷ್ಟ್ರೀಯ ಸೌರ ಒಕ್ಕೂಟ ಹುಟ್ಟಿದ್ದೇ ಇಂಥ ದೇಶಗಳಿಗೆ ಕಡಿಮೆ ಬಡ್ಡಿಯ ಹಣ ಒದಗಿಸಬೇಕು ಅಂತ. ಮುಂದಿನ ಸಮ್ಮೇಳನದ ಸುದ್ದಿ ಓದುವಾಗ ಸಾಲ ಯಾರು ಕೊಡುತ್ತಾರೆ, ಎಷ್ಟು ಬಡ್ಡಿಗೆ ಅನ್ನೋದನ್ನು ಮೊದಲು ಹುಡುಕಿ ನೋಡಿ.